ಹದಿನೈದಕ್ಕೆ ಹದಿನೈದು

ಶೋಭಾರಾಣಿಯನ್ನು ನಾನು ಮೊದಲು ನೋಡಿದ್ದು ಹೋದ ವರ್ಷ ಶ್ರಾವಣದ ಎರಡನೆಯ ಸೋಮವಾರ. ಅಂದು ನನ್ನದು ಒಂದೊತ್ತು. ಒಲೆ ಹಚ್ಚುವ ಕೆಲಸವಿರಲಿಲ್ಲ. ಬೆಳಿಗ್ಗೆಯಿಂದಲೇ ಕಟ್ಟೆಯ ಮೇಲೆ ಹಳೇ ಸೀರೆಯ ತುಂಡುಗಳ ಕೌದಿ ಹರವಿಕೊಂಡು ಹೊಲಿಯುತ್ತಿದ್ದೆ. ನನ್ನ ಮನೆ ತೆಲುಗು ಸೀಮೆಯ ಆದೋನಿಯಲ್ಲಿ ಡಿಗ್ರಿ ಕಾಲೇಜಿನ ಹಿಂದಿನ ಓಣಿಯಲ್ಲಿದೆ. ಹುಡುಗ ಹುಡುಗಿಯರು ಹಾದು ಹೋಗುವುದು ಹೊಸದಲ್ಲ. ಆದರೆ ಈ ಹುಡುಗಿ ಮೂರು ಸಲ ಹೋದಳು, ಮೂರು ಸಲ ಬಂದಳು. ನಾಲ್ಕನೆಯ ಸಲ ನನ್ನ ಎದುರಿಗೆ ನಿಂತಳು. ಎದೆಗೆ ಒಂದು ಚೀಲ ಅವುಚಿಕೊಂಡಿದ್ದಳು. ತುಟಿ ಒಣಗಿತ್ತು.

"ಅಮ್ಮಾ, ನಿಮಗ ಒಂದು ತಾಸು ಬಿಡುವು ಐತೇನ್ರಿ?"

"ಯಾಕವ್ವಾ?"

"ನಿಮ್ಮನ್ನ ಕುಂದ್ರಿಸಿಕೊಂಡು ಒಂದು ಪರೀಕ್ಷೆ ಮಾಡಬೇಕ್ರಿ. ಮನಸ್ಸಿಂದು."

ನಾನು ಕೌದಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಒಂಟಿ ಹೆಂಗಸು ಕಟ್ಟೆಯ ಮೇಲೆ ಕುಳಿತಿದ್ದರೆ ಯಾರ್ಯಾರೋ ಬರುತ್ತಾರೆ.

"ಸೂಜಿ ಚುಚ್ಚತೀಯೇನು?"

"ಇಲ್ರಿ."

"ರಕ್ತ ತಗೀತೀಯೇನು?"

"ಇಲ್ರಿ ಅಮ್ಮಾ."

"ಹೆಬ್ಬೆಟ್ಟು?"

"ಏನೂ ಬ್ಯಾಡ್ರಿ. ನಾನು ಪದ ಓದ್ತೀನಿ, ನೀವು ನೆಪ್ಪಿಟ್ಟು ತಿರುಗಿ ಹೇಳಬೇಕು. ಅಷ್ಟ."

ಎದುರು ಮನೆಯ ಶಾಂತಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಅಲ್ಲಿಂದಲೇ ಕೂಗಿದಳು: "ಏ ವೀರಬಸಮ್ಮಾ, ಹುಷಾರು! ಎಪ್ಪತ್ತು ವರ್ಷದ ಬುದ್ಧಿ ಕೂಡಿಟ್ಟೀದಿ, ಎತ್ತಿಕೊಂಡು ಹೋದಾಳು!"

"ನಿನ್ನ ಮನ್ಯಾಗ ಹುಡುಕಿ ಸಿಗಲಿಲ್ಲಂತ, ಅದಕ್ಕ ಇಲ್ಲಿಗೆ ಬಂದಾಳ," ಎಂದೆ ನಾನು.

ಆ ಹುಡುಗಿ ನಗಲಿಲ್ಲ. ನಗಲಿಕ್ಕೆ ಅವಳಿಗೆ ಧೈರ್ಯವಿದ್ದಂತೆ ಕಾಣಲಿಲ್ಲ. ನೋಡಿದರೆ ಸೂಜಿ ನನ್ನ ಕೈಯಲ್ಲೇ ಇತ್ತು. ಅದನ್ನು ಕೌದಿಗೆ ಸಿಕ್ಕಿಸಿ, "ಕುಂದ್ರು" ಎಂದೆ.

ಅವಳ ಊರು ಪೆದ್ದಹರಿವಾಣಂ. ತಂದೆ ಮಾರೆಣ್ಣ, ಕುರಿ ಕಾಯುವವನು. ವಯಸ್ಸು ಇಪ್ಪತ್ತನಾಲ್ಕು. ಡಿಗ್ರಿಯಲ್ಲಿ ಸೈಕಾಲಜಿ ಎಂದು ಒಂದು ವಿಷಯ; ಅದರಲ್ಲಿ ಬರೆಯುವ ಪರೀಕ್ಷೆ ಬೇರೆ, ಮಾಡಿ ತೋರಿಸುವ ಪರೀಕ್ಷೆ ಬೇರೆ. ಮಾಡಿ ತೋರಿಸುವುದಕ್ಕೆ ಸಾಮಾನು ಸಾಲದು, ಒಬ್ಬ ಮನುಷ್ಯ ಬೇಕು. ಪ್ರತಿಯೊಬ್ಬರೂ ತಮ್ಮ ತಮ್ಮ ಮನುಷ್ಯನನ್ನು ಕರೆದುಕೊಂಡು ಹೋಗಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಕೂರಿಸಿ, ಪ್ರಯೋಗ ಮಾಡಬೇಕು. ಒಂದೇ ಕ್ಲಾಸಿನವರಾದರೆ ಇವಳಿಗೆ ಅವಳು, ಅವಳಿಗೆ ಇವಳು ಕೂತುಬಿಡುತ್ತಾರೆ. ಶೋಭಾರಾಣಿಯ ಜೊತೆಯವರೆಲ್ಲ ಪಾಸಾಗಿ ಎರಡು ವರ್ಷವಾಗಿತ್ತು. ಅವಳೊಬ್ಬಳು ಉಳಿದಿದ್ದಳು.

"ನಿಮ್ಮವ್ವನ್ನ ಕರಕೊಂಡು ಹೋಗಬೇಕಿತ್ತಲ್ಲ?" ಎಂದು ಕೇಳಿದೆ.

"ನಮ್ಮವ್ವ ಹೊಸ್ತಿಲು ದಾಟಂಗಿಲ್ರಿ."

ಅದಕ್ಕಿಂತ ಹೆಚ್ಚು ಅಂದು ಹೇಳಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪ ಹೇಳಿದಳು. ತಾಯಿ ಜಂಬಮ್ಮ ಒಂದು ದಿನ ಬಾವಿಯಿಂದ ಬರುವಾಗ ದಾರಿಯಲ್ಲಿ ಎದೆ ಹಿಡಿದುಕೊಂಡು ಕುಸಿದಳಂತೆ. ಆಗ ಶೋಭಾರಾಣಿಗೆ ಒಂಬತ್ತು ವರ್ಷ. ಡಾಕ್ಟರು ನೋಡಿ ಎದೆ ಗಟ್ಟಿ ಇದೆ ಎಂದರು. ಆದರೆ ಅಂದಿನಿಂದ ಬಾಗಿಲ ಹೊರಗೆ ಕಾಲಿಟ್ಟರೆ ಬೆವರು, ನಡುಕ, ಉಸಿರು ಸಿಗುವುದಿಲ್ಲ. ಗಾಳಿ ಬಡಿದಿದೆ ಎಂದು ಬಂಡಿಯಲ್ಲಿ ಮಲಗಿಸಿ, ಮುಖದ ಮೇಲೆ ಸೆರಗು ಹೊದಿಸಿ, ಐದು ಅಮಾವಾಸ್ಯೆ ಉರುಕುಂದದ ಗುಡಿಗೆ ಕರೆದುಕೊಂಡು ಹೋಗಿ ಬಂದರು. ಆರನೆಯದಕ್ಕೆ ಅವಳು ಬಂಡಿ ಹತ್ತಲಿಲ್ಲ. ಇದು ಏನು ಎಂದು ತಿಳಿಯಬೇಕು ಎಂದೇ ಮಗಳು ಆ ವಿಷಯ ಆರಿಸಿಕೊಂಡಳು.

ಅಂದು ಶೋಭಾರಾಣಿ ಹದಿನೈದು ಪದ ಓದಿದಳು. ಕೈಗಡಿಯಾರ ನೋಡಿಕೊಂಡು, ಒಂದು ಪದ, ಬಿಡುವು, ಇನ್ನೊಂದು ಪದ. ಮರ. ಗಡಿಗೆ. ಕುದುರೆ. ನಡುವೆ ಏನೇನೋ ಬಂದವು. ಕೊನೆಗೆ ಹಗ್ಗ, ಛತ್ರಿ, ದೀಪ. ನಾನು ಆರು ಹೇಳಿದೆ. ಮೊದಲಿನ ಮೂರು, ಕೊನೆಯ ಮೂರು. ನಡುವಿನ ಒಂಬತ್ತು ಎಲ್ಲಿ ಹೋದವೋ ಹೋದವು. ಅವಳು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಕೊನೆಗೆ ಕೇಳಿದಳು: "ಮಾಡೋವಾಗ ನಿಮಗ ಏನನಿಸಿತ್ರಿ?"

"ಏನೂ ಅನಿಸಲಿಲ್ಲವ್ವಾ."

ಅದನ್ನೂ ಬರೆದುಕೊಂಡಳು.

ಹೀಗೆ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದಳು. ಐದು ಬಗೆಯ ಪ್ರಯೋಗ ಇದ್ದವು. ಒಂದರಲ್ಲಿ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲು ಎಳೆಯಬೇಕು. ಕೈ ಕಾಣದಂತೆ ರಟ್ಟು ಅಡ್ಡ ಇಟ್ಟಿರುತ್ತಾಳೆ. ಐವತ್ತು ವರ್ಷ ನೆಟ್ಟಗೆ ಹೊಲಿಗೆಯ ಟಾಕು ಹಾಕಿದ ಕೈ ನನ್ನದು. ಎಡಕ್ಕೆ ಎಂದರೆ ಬಲಕ್ಕೆ ಹೋಯಿತು. ಶಾಂತಕ್ಕ ಇಣುಕಿ ನೋಡಿ, "ಇದೇನು ನಕ್ಷತ್ರೋ, ಹಂದಿ ಹೊಕ್ಕ ಶೇಂಗಾದ ಹೊಲವೋ" ಎಂದಳು. ಅಂದು ಮಾತ್ರ ಶೋಭಾರಾಣಿ ನಕ್ಕಳು. ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡಳು.

ಅವಳ ಅಂಜಿಕೆ ಎಂಥದು ಎಂದು ನನಗೆ ತಿಳಿದದ್ದು ಮಾರ್ಕಿನ ಲೆಕ್ಕ ಹೇಳಿದ ದಿನ. ನಾನೇ ಕೇಳಿದೆ, ಎಷ್ಟಕ್ಕೆ ಎಷ್ಟು ಬರಬೇಕು ಎಂದು. ನನಗೆ ಬಾಯಿಮಾತಿನ ಲೆಕ್ಕ ನಿಲ್ಲುವುದಿಲ್ಲ. ಹಳೇ ಸೀರೆಯ ತುಂಡುಗಳನ್ನು ಕೊಟ್ಟು, "ಜೋಡಿಸಿ ತೋರಿಸು" ಎಂದೆ.

ಅವಳು ಐವತ್ತು ತುಂಡು ಎಣಿಸಿದಳು. "ಬರೆಯೋ ಪರೀಕ್ಷೆದು ಬ್ಯಾರೆ, ಅದು ಎಪ್ಪತ್ತೈದಕ್ಕ. ಎಂಟು ಸಣ್ಣ ಪ್ರಶ್ನೆ ಕೊಟ್ಟಿರ್ತಾರ, ಐದು ಬರೀಬೇಕು. ಆಮ್ಯಾಲ ಐದು ದೊಡ್ಡವು. ಉಳಿದ ಇಪ್ಪತ್ತೈದು ಕಾಲೇಜಿನವ್ರೇ ಹಾಕ್ತಾರ. ಅದರಾಗ ನನಗ ಅಂಜಿಕಿ ಇಲ್ರಿ. ಕಾಗದ ನನ್ನ ಮುಖ ನೋಡಂಗಿಲ್ಲ. ಇದು ನೋಡ್ರಿ, ಪ್ರಾಕ್ಟಿಕಲ್, ಐವತ್ತಕ್ಕ."

ಹತ್ತು ತುಂಡು ಒಂದು ಕಡೆ ಇಟ್ಟಳು. "ಇವು ರೆಕಾರ್ಡ್ ಪುಸ್ತಕಕ್ಕ." ಮೂವತ್ತು ನಡುವೆ ಇಟ್ಟಳು. "ಇದರಾಗ ಹತ್ತು, ಹೆಂಗ ಮಾಡ್ತೀನಿ ಅಂತ ಮೊದಲು ಬರೆಯೋದಕ್ಕ. ಹತ್ತು, ಮಾಡಿ ತೋರಿಸೋದಕ್ಕ. ಹತ್ತು, ಏನು ಬಂತು, ಯಾಕ ಹಂಗ ಬಂತು ಅಂತ ಗೆರಿ ಎಳೆದು ಬರೆಯೋದಕ್ಕ." ಕೊನೆಯ ಹತ್ತು ತುಂಡುಗಳನ್ನು ಕೈಯಲ್ಲೇ ಹಿಡಿದುಕೊಂಡಳು. "ಇವು ವೈವಾಕ್ಕ. ಅವ್ರು ಎದುರಿಗೆ ಕುಂತು ಕೇಳ್ತಾರ, ನಾನು ಬಾಯಿಲೆ ಹೇಳಬೇಕು."

"ಪಾಸಿಗೆ ಎಷ್ಟು?"

"ಇಪ್ಪತ್ತು."

"ನಿನಗ ಎಷ್ಟು ಬಂದಿತ್ತು?"

"ಮೊದಲ ಸಲ ಹದಿನೇಳು. ಎರಡನೇ ಸಲ ಹದಿನಾಲ್ಕು."

ಅವಳಿಗೆ ವಿಷಯ ಬಾರದೆ ಅಲ್ಲ. ಎದುರಿಗೆ ಪರೀಕ್ಷಕರು ಕುಳಿತರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಮೊದಲ ಸಲ ಕೈ ನಡುಗಿ ಗಡಿಯಾರ ಬಿತ್ತು. ಎರಡನೇ ಸಲ, ಹೆಸರು ಏನು ಎಂದು ಕೇಳಿದ್ದಕ್ಕೂ ಉತ್ತರ ಬರಲಿಲ್ಲ. ಇದು ಮೂರನೆಯದು. ಅವಳ ಬ್ಯಾಚಿನ ಪರೀಕ್ಷೆಯ ಪದ್ಧತಿ ಈ ವರ್ಷಕ್ಕೆ ಮುಗಿಯುತ್ತದೆ, ಮುಂದೆ ಹೊಸದು. ಈ ಸಲ ಹೋದರೆ ಮೂರು ವರ್ಷ ಬರೆದದ್ದೆಲ್ಲ ಹೋದಂತೆ.

"ನನಗೂ ನಮ್ಮವ್ವನ ರೋಗ ಬಂದೈತೇನೋ ಅಮ್ಮಾ," ಎಂದಳು. "ಆಕಿಗೆ ಹೊಸ್ತಿಲು, ನನಗ ಆ ಮೇಜು."

ನಾನು ತುಂಡುಗಳನ್ನು ಆರಿಸಿ ಇಪ್ಪತ್ತು ಬೇರೆ ಗಂಟು ಕಟ್ಟಿದೆ. ಗೂಡಿನಲ್ಲಿಟ್ಟೆ. ಅಷ್ಟು ಬಂದರೆ ಸಾಕಿತ್ತು.

ಮಾರ್ಚಿ ಕೊನೆಯಲ್ಲಿ ಅವಳಿಗೆ ಒಂದು ಬರೆಯುವ ಪೇಪರು ಇತ್ತು. ಪರೀಕ್ಷೆಯ ಕೋಣೆಯೊಳಗೆ ಪುಸ್ತಕ ಬಿಡುವುದಿಲ್ಲ ಎಂದು ಚೀಲವನ್ನು ನನ್ನ ಮನೆಯಲ್ಲಿಟ್ಟು ಹೋದಳು. ಮೂರು ತಾಸು. ಚೀಲದ ಬಾಯಿ ತೆರೆದಿತ್ತು. ರೆಕಾರ್ಡ್ ಪುಸ್ತಕದ ಕೆಂಪು ರಟ್ಟು ಕಾಣುತ್ತಿತ್ತು.

ಇನ್ನೊಬ್ಬರ ಚೀಲಕ್ಕೆ ಕೈ ಹಾಕಿದವಳಲ್ಲ ನಾನು. ಅಂದು ಹಾಕಿದೆ. ಬಾಗಿಲು ಮುಂದಕ್ಕೆ ಎಳೆದು ಹಾಕಿದೆ.

ನಾನು ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು. ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಪುಸ್ತಕದಲ್ಲಿ ಇಂಗ್ಲಿಷು, ತೆಲುಗು ತುಂಬಿತ್ತು. ಒಂದು ಹಾಳೆಯಲ್ಲಿ ಮಾತ್ರ ಕನ್ನಡ. ಅದೇ ಹದಿನೈದು ಪದ. ಕನ್ನಡದವರು ಸಿಕ್ಕರೆ ಇರಲಿ ಎಂದು ಅವಳಿಗೆ ಪಾಠ ಹೇಳುವ ಲಕ್ಷ್ಮಿಕಾಂತ್ ಸರ್ ಮಾಡಿಕೊಟ್ಟ ಪಟ್ಟಿ. ಕನ್ನಡದ ಪಟ್ಟಿ ಕಾಲೇಜಿನಲ್ಲಿ ಅದೊಂದೇ, ಪರೀಕ್ಷೆಯಲ್ಲೂ ಅದೇ ಬರುತ್ತದೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಪ್ರತಿ ಪದದ ಮುಂದೆ ಗುರುತು. ಆರು ಕಡೆ ಸರಿ ಗುರುತು. ಒಂಬತ್ತು ಕಡೆ ತಪ್ಪಿನ ಗುರುತು.

ಇನ್ನೊಮ್ಮೆ ಎಣಿಸಿದೆ. ಆ ಒಂಬತ್ತು ತಪ್ಪು ನನ್ನವು. ಶಾಲೆಯಲ್ಲಿ ನನ್ನ ಪಾಟಿಯ ಮೇಲೆ ಮಾಸ್ತರು ಆ ಗುರುತು ಹಾಕಿದಾಗೆಲ್ಲ ಬೆನ್ನ ಮೇಲೆ ಬಾಸುಂಡೆ ಬಿದ್ದಿತ್ತು. ಹಾಗಾದರೆ ಇವಳ ಹದಿನೇಳು, ಹದಿನಾಲ್ಕು ಹೀಗೇ ಬಂದಿರಬೇಕು, ಕೂತವರು ಹೇಳದೆ ಹೋದದ್ದಕ್ಕೆ ಇವಳ ಮಾರ್ಕು ಹೋಗಿರಬೇಕು ಎಂದುಕೊಂಡೆ. ಪಾಪ, ಮುದುಕಿ ನೊಂದುಕೊಂಡಾಳು ಎಂದು ಅವಳು ಬಾಯಿ ಬಿಟ್ಟು ಹೇಳಿಲ್ಲ. ನನಗೆ ಹಾಗೆ ತೋರಿತು. ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ.

ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಅದರ ಹಿಂದೆ ಹದಿನೈದೂ ಬರೆದುಕೊಂಡೆ. ಅವಳು ಬರುವ ಹೊತ್ತಿಗೆ ಬೆರಳು ಸೆಟೆದುಕೊಂಡಿದ್ದವು. ಪುಸ್ತಕವನ್ನು ಇದ್ದ ಹಾಗೇ ಚೀಲದಲ್ಲಿಟ್ಟೆ.

ಪ್ರಾಕ್ಟಿಕಲ್ಲಿಗೆ ಇನ್ನು ಎಂಟು ದಿನ. ಆಗ ನನ್ನ ಕೈಯಲ್ಲಿದ್ದದ್ದು ಶಾಂತಕ್ಕನ ಮೊಮ್ಮಗುವಿನ ಕೌದಿ. ಒಂದೊಂದು ಸಾಲಿಗೆ ಹದಿನೈದು ತುಂಡು ಬರುವಂತೆ ಕೂಡಿಸಿದೆ. ಮೊದಲ ಹಸಿರು ತುಂಡು ಮರ. ಎರಡನೆಯದು ಕಂದು, ಗಡಿಗೆ. ಕುದುರೆ ಬಿಳಿಯದು. ಬೀಗ, ಮಳೆ, ಚೀಲ, ಕನ್ನಡಿ, ಗೋಡೆ, ಹಾಲು, ಬೆರಳು, ದೋಣಿ, ಉಪ್ಪು, ಹಗ್ಗ, ಛತ್ರಿ. ತುದಿಗೆ ಹಳದಿ ತುಂಡು, ದೀಪ. ಒಂದು ಟಾಕು ಹಾಕಿದರೆ ಒಂದು ಪದ ಅನ್ನುತ್ತಿದ್ದೆ. ಸಾಲು ಮುಗಿದರೆ ಮತ್ತೆ ಮೊದಲಿನಿಂದ. ಎಂಟನೆಯ ದಿನಕ್ಕೆ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಂತಾಗಿದ್ದೆ.

ಶಾಂತಕ್ಕ ಕೇಳಿಸಿಕೊಂಡು, "ಏನ್ ಮಣಮಣ ಹಚ್ಚೀದಿಯೇ? ಹೊಸಾ ಮಂತ್ರ ಕಲ್ತಿಯೇನು?" ಎಂದಳು.

"ನಿನ್ನ ಬಾಯಿ ಕಟ್ಟಾಕ," ಎಂದೆ.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಶೋಭಾರಾಣಿ ಬಂದಳು. ಬಿಸಿಲು ಆಗಲೇ ಏರಿತ್ತು. ನಾನು ಇಲಕಲ್ಲ ಸೀರೆ ಉಟ್ಟು, ಹಣೆಗೆ ಇಬತ್ತಿ ಹಚ್ಚಿಕೊಂಡು ಹೊರಟೆ. ಕ್ಯಾಲೆಂಡರ್ ಹಾಳೆಯನ್ನು ಮಡಿಸಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡೆ, ಬಾಗಿಲವರೆಗೆ ಒಮ್ಮೆ ನೋಡಿಕೊಳ್ಳೋಣ ಎಂದು. ಹಿಂದಿನ ಓಣಿಯಲ್ಲಿ ನಲವತ್ತು ವರ್ಷ ಇದ್ದೂ ಆ ಕಾಲೇಜಿನ ಗೇಟು ನಾನು ದಾಟಿರಲಿಲ್ಲ. ಕಾವಲುಗಾರ, "ಈ ಅಜ್ಜಿ ಯಾವ ಇಯರು?" ಎಂದು ನಕ್ಕ. ನಾನು ಸೆರಗು ಸರಿಮಾಡಿಕೊಂಡು ಒಳಗೆ ನಡೆದೆ.

ಉದ್ದನೆಯ ಕೋಣೆ. ಸಣ್ಣ ಸಣ್ಣ ಮೇಜು. ಪ್ರತಿ ಮೇಜಿಗೂ ಎದುರು ಬದುರು ಇಬ್ಬರು ಹುಡುಗರು, ನಮ್ಮ ಮೇಜಿಗೆ ಮಾತ್ರ ನಾನು. ಮುಂದೆ ದೊಡ್ಡ ಮೇಜಿನಲ್ಲಿ ಲಕ್ಷ್ಮಿಕಾಂತ್ ಸರ್, ಅವರ ಪಕ್ಕದಲ್ಲಿ ಬೇರೆ ಊರಿನಿಂದ ಬಂದ ಪರೀಕ್ಷಕಿ ಮೇಡಂ. ಕನ್ನಡಕ, ನೆರೆತ ಕೂದಲು, ನಗದ ಮುಖ. ಒಂದು ಡಬ್ಬಿಯಲ್ಲಿ ಮಡಿಸಿದ ಚೀಟಿಗಳು. ಯಾರಿಗೆ ಯಾವುದು ಬರುತ್ತದೋ ಅದನ್ನೇ ಮಾಡಬೇಕು. ಶೋಭಾರಾಣಿ ಕಣ್ಣು ಮುಚ್ಚಿ ಒಂದು ಎತ್ತಿದಳು. ಬಿಚ್ಚಿ ನನಗೆ ತೋರಿಸಿದಳು. ಪದಗಳದ್ದೇ.

ನನಗೆ ಹೋದ ಜೀವ ಬಂದಂತಾಯಿತು. ಈಶ್ವರಾ, ನೀನೇ ಕೊಟ್ಟೆ ಎಂದುಕೊಂಡೆ.

ಒಂದು ತಾಸು ಅವಳು ಬರೆದಳು. ನಂತರ ಮೇಡಂ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಶೋಭಾರಾಣಿಯ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. ಆದರೂ ಹೇಳಿದಳು: "ನಾನು ಹದಿನೈದು ಪದ ಓದ್ತೀನಿ. ಲಕ್ಷ್ಯ ಕೊಟ್ಟು ಕೇಳ್ರಿ. ಮುಗಿದ ಮ್ಯಾಲ, ನೆಪ್ಪಿದ್ದಷ್ಟು ಹೇಳ್ರಿ. ಹಿಂದುಮುಂದಾದರೂ ನಡೀತದ." ಧ್ವನಿ ಒಡೆದಿತ್ತು, ನಿಲ್ಲಲಿಲ್ಲ. ಗಡಿಯಾರ ಬೀಳಲಿಲ್ಲ. ಹದಿನೈದೂ ಓದಿದಳು.

ನಾನು ಶುರು ಮಾಡಿದೆ. ಮರ, ಗಡಿಗೆ, ಕುದುರೆ. ಅವಳ ಪೆನ್ನು ಗುರುತು ಹಾಕುತ್ತಿತ್ತು. ಬೀಗ, ಮಳೆ, ಚೀಲ. ಕನ್ನಡಿ ಅನ್ನುವಾಗ ಪೆನ್ನು ನಿಂತಿತು. ಇವಳು ಬೆರಗಾದಳು ಎಂದುಕೊಂಡು ನಾನು ಇನ್ನೂ ಗಟ್ಟಿಯಾಗಿ ಹೇಳಿದೆ. ದೀಪದವರೆಗೆ, ಒಂದೂ ಹಿಂದುಮುಂದಿಲ್ಲ. ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಅವಳತ್ತ ನೋಡಿದೆ.

ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಮೇಡಂ ಹಾಳೆ ತೆಗೆದುಕೊಂಡು ನೋಡಿದರು. ನನ್ನ ಕಡೆ ತಿರುಗಿ ತೆಲುಗಿನಲ್ಲಿ, "ಅಮ್ಮಾ, ಈ ಮಾಟಲು ಮುಂದೇ ನೀಕು ತೆಲುಸಾ?" ಎಂದರು. ಈ ಪದಗಳು ಮೊದಲೇ ಗೊತ್ತಿದ್ದವೇ ಎಂದು. ನನಗೆ ತೆಲುಗು ಮನೆಮಾತಿನಷ್ಟೇ ಬರುತ್ತದೆ, ಆದರೆ ಆ ಹೊತ್ತಿಗೆ ಯಾವ ಭಾಷೆಯೂ ಬರಲಿಲ್ಲ. ಮೇಡಂ ಶೋಭಾರಾಣಿಯನ್ನು ಕೇಳಿದರು: "ನೀನು ಕಲಿಸಿಕೊಂಡು ಬಂದೆಯಾ?"

ಅವಳ ತುಟಿ ಅಲುಗಿತು. ಶಬ್ದ ಬರಲಿಲ್ಲ.

"ಹೇಳಮ್ಮಾ. ಕಲಿಸಿದ್ದು ನೀನೇನಾ?"

ಅವಳು ಮೇಜನ್ನೇ ನೋಡುತ್ತಿದ್ದಳು.

ಮೇಡಂ ಎದ್ದು ಲಕ್ಷ್ಮಿಕಾಂತ್ ಸರ್ ಹತ್ತಿರ ಹೋದರು. ಮೆಲ್ಲಗೆ ಮಾತಾಡಿದರೂ ನನಗೆ ಕೇಳಿಸಿತು. ಕೂರಿಸಿದವರಿಗೆ ಮೊದಲೇ ಪಾಠ ಮಾಡಿಸಿ ತಂದರೆ ಅದು ಕಾಪಿ ಹೊಡೆದಂತೆಯೇ, ಮಾಲ್‌ಪ್ರಾಕ್ಟೀಸ್ ಎಂದು ಬರೆದು ಕಳಿಸಬೇಕು, ಪರೀಕ್ಷೆ ರದ್ದಾಗುತ್ತದೆ ಎಂದರು. ಸರ್, "ಹುಡುಗಿ ಅಂಥವಳಲ್ಲ ಮೇಡಂ" ಎಂದರು. "ಹಾಗಾದರೆ ಯಾಕೆ ಬಾಯಿ ಬಿಡುವುದಿಲ್ಲ?" ಎಂದರು ಮೇಡಂ.

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಆದರೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಪೊಲೀಸರು ಬರುತ್ತಾರೆ, ಹಿಡಿದುಕೊಂಡು ಹೋಗುತ್ತಾರೆ, ಓಣಿಯವರೆಲ್ಲ ನೋಡುತ್ತಾರೆ ಎಂದು ಅನಿಸಿತು. ನನ್ನ ಗಂಡ ಸತ್ತ ದಿನ ಕೂಡ ನನಗೆ ಅಷ್ಟು ಅಂಜಿಕೆ ಆಗಿರಲಿಲ್ಲ. ಅಂದು ಆಗಬೇಕಾದದ್ದು ಆಗಿ ಹೋಗಿತ್ತು, ಇಲ್ಲಿ ಇನ್ನೂ ಆಗುತ್ತಿತ್ತು, ಅದೂ ನನ್ನ ಕೈಯಿಂದ.

ಮೇಜು ಹಿಡಿದುಕೊಂಡು ಎದ್ದೆ. ಎಲೆಯಡಿಕೆ ಚೀಲದಿಂದ ಹಾಳೆ ತೆಗೆದೆ. ಅಡಿಕೆ ಚೂರುಗಳು ನೆಲಕ್ಕೆ ಉದುರಿದವು.

"ಆಕಿ ಕಲಿಸಿಲ್ರಿ. ನಾನು ಕದ್ದು ಓದೀನಿ. ಆಕಿಗೆ ಗೊತ್ತಿಲ್ಲ. ಆಗ ಒಂಬತ್ತು ತಪ್ಪಾಗಿತ್ರಿ ನನ್ನವು. ಆಕಿ ಮಾರ್ಕು ಹೋಗ್ತಾವಂತ ನಾನ…"

ಮುಂದೆ ಉಸಿರು ಸಾಲಲಿಲ್ಲ. ಮೇಡಂ ಹಾಳೆ ಬಿಡಿಸಿ ಹಿಡಿದರು. ಒಂದು ಬಿಳಿ ಕಾಗದ ನನ್ನ ಮುಂದಿಟ್ಟು ಪೆನ್ನು ಕೊಟ್ಟು, "ದೀಪ ಅಂತ ಬರಿ" ಎಂದರು. ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಬರೆದೆ. ಎರಡು ಅಕ್ಷರ ಬರೆಯಲು ಎಷ್ಟು ಹೊತ್ತು ಹಿಡಿಯಿತೋ. ನನ್ನ ಅಕ್ಷರ ನನ್ನದೇ, ಹೆಂಚಿನ ಮೇಲೆ ಸಿಡಿದ ಜೋಳದ ಹಾಗೆ. ಮೇಡಂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

ಅಷ್ಟರಲ್ಲಿ ನನ್ನ ಕಣ್ಣಿಗೆ ಕತ್ತಲೆ ಕಟ್ಟಿತು. ಕುರ್ಚಿ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಯಾರೋ ರಟ್ಟೆ ಹಿಡಿದು ಕೂರಿಸಿದರು. ಬಾಟಲಿಯ ನೀರು ನನ್ನ ಬಾಯಿಗೆ ಹಿಡಿದದ್ದು ಶೋಭಾರಾಣಿ.

"ಉಸಿರು ಮೆಲ್ಲಕ ಬಿಡ್ರಿ ಅಮ್ಮಾ. ನನ್ನ ಕಡೆ ನೋಡ್ರಿ. ಏನೂ ಆಗಂಗಿಲ್ಲ. ಇನ್ನೊಮ್ಮೆ. ಮೆಲ್ಲಕ." ಹೀಗೆ ಅವಳು ತನ್ನ ತಾಯಿಗೆ ಎಷ್ಟು ಸಲ ಹೇಳಿದ್ದಳೋ. ಧ್ವನಿ ಒಡೆಯಲಿಲ್ಲ. ಅದೇ ಧ್ವನಿಯಲ್ಲಿ, ನನ್ನ ಬೆನ್ನ ಮೇಲಿನ ಕೈ ತೆಗೆಯದೆ, ತಲೆ ಎತ್ತಿ ಹೇಳಿದಳು: "ಮೇಡಂ, ಈಕಿನ್ನ ಗದರಿಸಬ್ಯಾಡ್ರಿ."

"ನಾನು ಗದರಿಸಿಲ್ಲ," ಎಂದರು ಮೇಡಂ. "ಪ್ರಯೋಗ ಕೆಟ್ಟಿತಲ್ಲ. ಈಗ ಏನು ಮಾಡುತ್ತೀಯ?"

"ಅದನ್ನ ತಗದು ಒಗೆಯಂಗಿಲ್ರಿ. ಏನಾತೋ ಅದನ್ನೇ ಬರೀತೀನಿ. ಪದ ಮೊದಲೇ ಗೊತ್ತಿದ್ವು, ಅದಕ್ಕ ಹದಿನೈದಕ್ಕ ಹದಿನೈದು ಬಂತು ಅಂತ. ಹೊಸಾ ಪದ ಕೇಳಿದ್ರ ಮೊದಲಿನವು ನಿಲ್ತಾವ, ಕೊನೇವು ನಿಲ್ತಾವ, ನಡುವಿನವು ಜಾರತಾವ. ಎಲ್ಲಾರಿಗೂ ಹಂಗ. ಇನ್ನೊಂದು ಪಟ್ಟಿ ಕೊಡ್ರಿ, ತೋರಿಸ್ತೀನಿ." ನನ್ನ ಕಡೆ ಬಾಗಿದಳು. "ಅಮ್ಮಾ, ತಪ್ಪು ಅನ್ನೋದು ಇದರಾಗ ಇಲ್ರಿ. ನೀವು ಮರೆತದ್ದೂ ನನಗ ಬೇಕಾದದ್ದೇ. ನಾನು ಮೊದಲೇ ಹೇಳಬೇಕಿತ್ತು."

ಮೇಡಂ ಗಡಿಯಾರ ನೋಡಿದರು. "ನಲವತ್ತು ನಿಮಿಷ ಇದೆ," ಎಂದರು. ಲಕ್ಷ್ಮಿಕಾಂತ್ ಸರ್ ನಿಂತಲ್ಲೇ ಒಂದು ಚೀಟಿಯ ಮೇಲೆ ಹೊಸ ಹದಿನೈದು ಕನ್ನಡ ಪದ ಗೀಚಿ ಕೊಟ್ಟರು. ಶೋಭಾರಾಣಿ ಓದಿದಳು. ನಾನು ಐದು ಹೇಳಿದೆ. ಶ್ರಾವಣದಲ್ಲಿ ಹೇಳಿದ್ದಕ್ಕಿಂತ ಒಂದು ಕಡಿಮೆ. ಮೊದಲಿನ ಎರಡು, ಕೊನೆಯ ಮೂರು. ನಡುವಿನ ಒಂದೂ ಬರಲಿಲ್ಲ. ಅವಳು ಎಳೆದ ಗೆರೆ ಆ ತುದಿಗೆ ಎತ್ತರ, ಈ ತುದಿಗೆ ಎತ್ತರ, ನಡುವೆ ತಗ್ಗು. ಹಳೇ ಮಂಚದ ನುಲಿಯ ಹಾಗೆ ಜೋತು ಬಿದ್ದಿತ್ತು.

ಕೊನೆಗೆ ಪದ್ಧತಿಯಂತೆ ಕೇಳಿದಳು: "ಮಾಡೋವಾಗ ನಿಮಗ ಏನನಿಸಿತ್ರಿ?"

"ಅಂಜಿಕಿ ಆತವ್ವಾ," ಎಂದೆ. "ನಿನಗಿಂತ ಹೆಚ್ಚು."

ಅವಳು ಅದನ್ನು ಬರೆದುಕೊಂಡಳು. ಮೇಡಂ ಆಮೇಲೆ ಅವಳನ್ನು ಏನೇನೋ ಕೇಳಿದರು, ಇಂಗ್ಲಿಷಿನಲ್ಲಿ. ಕೆಲವಕ್ಕೆ ಹೇಳಿದಳು, ಕೆಲವಕ್ಕೆ ನಿಂತಳು. ಮೇಡಂ ಮುಖದಲ್ಲಿ ನಗು ಬಂತೇ ಎಂದು ನಾನು ನೋಡುತ್ತಲೇ ಇದ್ದೆ. ಬರಲಿಲ್ಲ. ಅವರು ಪೆನ್ನಿನಿಂದ ಏನೋ ಬರೆದು ಹಾಳೆಯನ್ನು ಮಗುಚಿ ಹಾಕಿದರು. ಬರೆದದ್ದು ಮಾರ್ಕೋ, ಮಾಲ್‌ಪ್ರಾಕ್ಟೀಸೋ, ನಮಗೆ ತಿಳಿಯಲಿಲ್ಲ.

ತಿಳಿಯಲು ಆರು ವಾರ ಬೇಕಾಯಿತು. ಆ ಆರು ವಾರ ಇಪ್ಪತ್ತು ತುಂಡಿನ ಗಂಟನ್ನು ನಾನು ಬಿಚ್ಚಲೂ ಇಲ್ಲ, ಅದರ ಕಡೆ ನೋಡಲೂ ಇಲ್ಲ. ಕಾಲೇಜಿನ ಗಂಟೆ ಹೊಡೆದರೆ ಬೆಚ್ಚಿ ಬೀಳುತ್ತಿದ್ದೆ. ಓಣಿಯಲ್ಲಿ ಖಾಕಿ ಬಟ್ಟೆ ಕಂಡರೆ ಒಳಗೆ ಹೋಗುತ್ತಿದ್ದೆ. ಒಮ್ಮೆ ಅದು ಪೋಸ್ಟಿನವನಾಗಿದ್ದ. ಶೋಭಾರಾಣಿ ಅಷ್ಟೂ ದಿನ ಬರಲಿಲ್ಲ. ನನ್ನ ಮೇಲೆ ಸಿಟ್ಟೇನೋ, ಇರಬೇಕಾದ್ದೇ ಎಂದುಕೊಂಡೆ. ಕೇಳೋಣವೆಂದರೆ ಅವಳ ನಂಬರು ನನ್ನ ಹತ್ತಿರ ಇರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಬಂದಳು. ಫೋನು ಕೈಯಲ್ಲಿತ್ತು. ಮಾತಾಡದೆ ನನ್ನ ಮುಂದೆ ಹಿಡಿದಳು. ನನಗೆ ಇಂಗ್ಲಿಷು ಬರುವುದಿಲ್ಲ, ಅಂಕಿ ಬರುತ್ತವೆ. ಇಪ್ಪತ್ತೆರಡು ಎಂದಿತ್ತು.

"ಐವತ್ತಕ್ಕೇನು?"

"ಐವತ್ತಕ್ಕ. ಎಲ್ಲಾದಕ್ಕೂ ಕಡಿಮಿ ಪಾಸಿನ ದರ್ಜೆ ಅದು. ಅದರ ಕೆಳಗ ಫೇಲೇ."

ಗಂಟು ಬಿಚ್ಚಿ ಇಪ್ಪತ್ತು ಎಣಿಸಿದೆ. ಬುಟ್ಟಿಯಿಂದ ಇನ್ನೆರಡು ತುಂಡು ತೆಗೆದು ಅದಕ್ಕೆ ಸೇರಿಸಿದೆ. ಶಾಂತಕ್ಕ ಎದುರಿಂದ, "ಪಾಸಾದವ್ರು ಯಾರು, ಹುಡುಗಿಯೋ ಮುದುಕಿಯೋ? ಯಾರಾದ್ರೂ ಬೆಲ್ಲ ಕೊಡ್ರೇ!" ಎಂದು ಕೂಗುತ್ತಿದ್ದಳು. ಶೋಭಾರಾಣಿ ನಗುತ್ತಾ ಕಣ್ಣೊರೆಸಿಕೊಂಡಳು. ಕಟ್ಟೆಯ ಮೇಲೆ ನನ್ನ ಪಕ್ಕಕ್ಕೇ ಕುಳಿತಳು. ಬಹಳ ಹೊತ್ತು ನನ್ನ ತೊಡೆಯ ಮೇಲಿದ್ದ ಆ ಮುಗಿಯದ ಕೌದಿಯ ಅಂಚು ಸವರುತ್ತಿದ್ದಳು. ಹಸಿರು ತುಂಡು, ಕಂದು ತುಂಡು, ಬಿಳಿ ತುಂಡು.

"ಇಷ್ಟು ದಿನ ಯಾಕ ಬರಲಿಲ್ಲ?" ಎಂದೆ. "ಸಿಟ್ಟೇನು?"

"ಅಲ್ರಿ. ಆ ದಿನ ಮನಿಗೆ ಹೋಗಿ ನಮ್ಮವ್ವಗ ಎಲ್ಲಾ ಹೇಳಿದೆ. ನಿಮ್ಮ ಕಾಲು ನಡುಗಿದ್ದು, ಉಸಿರು ಸಿಗದಂಗಾಗಿದ್ದು, ಆದ್ರೂ ಎದ್ದು ನಿಂತದ್ದು. ಆಕಿ ನಂಬವಲ್ಲಳು. ಆ ಅಮ್ಮ ದೊಡ್ಡಾಕಿ, ಗಟ್ಟಿಮುಟ್ಟಾಕಿ, ಆಕಿಗ್ಯಾಕ ಹಂಗಾಗತೈತಿ, ನನಗ ಒಬ್ಬಾಕಿಗೇ ಆಗತೈತಿ ಅಂತಾಳ. ದಿನಾ ತಿರುಗಿ ತಿರುಗಿ ಅದನ್ನೇ ಕೇಳ್ತಾಳ. ಆಕಿನ್ನ ಬಿಟ್ಟು ಬರಲಾಗಲಿಲ್ಲ."

ಕೌದಿಯ ಅಂಚು ಬಿಟ್ಟಳು. ನಂತರ ಮೊದಲ ದಿನ ನಿಂತ ಹಾಗೇ, ಚೀಲವನ್ನು ಎದೆಗೆ ಅವುಚಿಕೊಂಡು, ನನ್ನ ಎದುರಿಗೆ ಎದ್ದು ನಿಂತು ಕೇಳಿದಳು:

"ಅಮ್ಮಾ, ಹನ್ನೊಂದರ ಬಸ್ಸಿಗೆ ನನ್ನ ಜೋಡಿ ನಮ್ಮೂರಿಗೆ ಬರ್ತೀರೇನ್ರಿ? ನಮ್ಮವ್ವನ ಹೊಸ್ತಿಲ ಹೊರಗ ಕುಂತು, ಆ ದಿನ ನಿಮಗ ಎಷ್ಟು ಅಂಜಿಕಿ ಆಗಿತ್ತಂತ ಆಕಿಗೆ ನೀವ ಹೇಳ್ತೀರೇನು?"